ಕುರುಕಲಿಗೆ ಕರ ಹಾಕಿದರೆ ನಾಲಿಗೆ ಸುಮ್ಮನಾದೀತೆ?

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗ ಪತ್ರಿಕೆಗಳಲ್ಲಿ ಬಂದ ಉದ್ದನೆಯ ಪಟ್ಟಿಯನ್ನು ನೀವೂ ಓದಿರುತ್ತೀರಿ. ಬಿಸ್ಕತ್ತು, ಕೇಕು, ಚಾಕೊಲೇಟು, ಐಸ್‌ಕ್ರೀಂ ಇವೆಲ್ಲ ಶೇ 18ರಿಂದ ಶೇ 5ಕ್ಕೆ ಇಳಿದವು. ಪೊಟ್ಟಣದಲ್ಲಿ ಬರುವ ಮಿಕ್ಸ್ಚರು, ಖಾರಾ ಸೇವು ಶೇ 12ರಿಂದ ಶೇ 5ಕ್ಕೆ ಬಂದವು. ಅದೇ ಪಟ್ಟಿಯ ಇನ್ನೊಂದು ತುದಿಯಲ್ಲಿ, ಪಾನ್ ಮಸಾಲೆಯಂಥ ಸರಕುಗಳಿಗೆಂದು ಮೀಸಲಿಟ್ಟ ಶೇ 40ರ ಸಾಲಿನಲ್ಲಿ, ನಮ್ಮ ಮಕ್ಕಳು ಹಬ್ಬ ಮದುವೆಗಳಲ್ಲಿ ಆಸೆಪಟ್ಟು ಕುಡಿಯುವ ಗ್ಯಾಸು ತುಂಬಿದ ಬಣ್ಣದ ಪಾನೀಯಗಳು ಕುಳಿತಿದ್ದವು. ಆ ವಾರ ನನ್ನ ಕ್ಲಿನಿಕ್ಕಿಗೆ ಬಂದ ಗೃಹಿಣಿಯೊಬ್ಬರು ಕೇಳಿದ ಪ್ರಶ್ನೆ ಇದು: "ಹಾಗಾದರೆ ಡಾಕ್ಟ್ರೇ, ಬಿಸ್ಕತ್ತು, ಮಿಕ್ಸ್ಚರು ಒಳ್ಳೇದು, ಸೋಡಾ ಬಣ್ಣದ ನೀರು ಮಾತ್ರ ಕೆಟ್ಟದ್ದು ಅಂತ ಸರ್ಕಾರವೇ ಹೇಳಿದ ಹಾಗಾಯಿತಲ್ಲವೆ?"

ಸರ್ಕಾರ ಹಾಗೇನೂ ಹೇಳಿಲ್ಲ. ಮಧ್ಯಮ ವರ್ಗದವರ ಖರ್ಚು ಇಳಿಯಲಿ, ವ್ಯಾಪಾರ ಕುದುರಲಿ ಎಂಬ ಲೆಕ್ಕದಿಂದ ಆ ಪಟ್ಟಿ ತಯಾರಾಯಿತೇ ಹೊರತು ಆಹಾರ ತಜ್ಞರ ಸಲಹೆಯಂತೆ ಅಲ್ಲ. ಆದರೆ ಆ ತಾಯಿಯ ಪ್ರಶ್ನೆಯ ಹಿಂದೆ ಇನ್ನೊಂದು ದೊಡ್ಡ ಪ್ರಶ್ನೆ ಅಡಗಿದೆ. ಕುರುಕಲು ತಿಂಡಿ, ಸಿಹಿ ಪಾನೀಯಗಳ ಮೇಲೆ ತೆರಿಗೆ ಏರಿಸಿದರೆ ಜನ ನಿಜವಾಗಿಯೂ ಅವನ್ನು ತಿನ್ನುವುದು, ಕುಡಿಯುವುದು ಕಡಿಮೆ ಮಾಡುತ್ತಾರೆಯೆ? ಅಥವಾ ಖಜಾನೆ ತುಂಬಿ, ಹೊಟ್ಟೆಯ ಅಭ್ಯಾಸ ಮಾತ್ರ ಹಾಗೆಯೇ ಉಳಿಯುತ್ತದೆಯೆ?

ಇದು ಅರ್ಥಶಾಸ್ತ್ರಜ್ಞರ ವಿಷಯ, ವೈದ್ಯರಿಗೇನು ಕೆಲಸ ಎಂದು ನೀವು ಕೇಳಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದಾದ್ಯಂತ ನಡೆದ ಸಮೀಕ್ಷೆಯ ವರದಿ 2023ರಲ್ಲಿ ಹೊರಬಂತು. ಅದರ ಅಂದಾಜಿನಂತೆ ನಮ್ಮ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಇವರಲ್ಲಿ ಒಬ್ಬೊಬ್ಬರಿಗೂ ಮಾತ್ರೆ, ರಕ್ತ ಪರೀಕ್ಷೆ, ಮುಂದೆ ಕಣ್ಣು, ಮೂತ್ರಪಿಂಡ, ಕಾಲಿನ ನರಗಳ ತೊಂದರೆಗಳಿಗೆ ಚಿಕಿತ್ಸೆ ಎಂದು ಮನೆಯವರು ತೆರುವ ಹಣವೂ ಒಂದು ಬಗೆಯ ತೆರಿಗೆಯೇ. ಅದನ್ನು ಯಾವ ಬಜೆಟ್ಟಿನಲ್ಲೂ ಮಂಡಿಸುವುದಿಲ್ಲ, ಅಷ್ಟೆ.

ಸಿಹಿ ಪಾನೀಯವನ್ನೇ ಎಲ್ಲ ದೇಶಗಳೂ ಮೊದಲು ಹಿಡಿದುಕೊಂಡಿರುವುದಕ್ಕೆ ಕಾರಣವಿದೆ. 250 ಮಿ.ಲೀ. ಕೋಲಾ ಬಾಟಲಿಯಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತದೆ. ಅಂದರೆ ಐದು ಚಮಚೆಗೂ ಮಿಗಿಲು. ವಿಶ್ವ ಆರೋಗ್ಯ ಸಂಸ್ಥೆ ಮೇಲಿನಿಂದ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂನೊಳಗೆ ಇದ್ದರೆ ಉತ್ತಮ ಎನ್ನುತ್ತದೆ. ಒಂದೇ ಬಾಟಲಿಗೆ ದಿನದ ಪಾಲು ಮುಗಿಯಿತು. ಐದು ಚಮಚೆ ಸಕ್ಕರೆಯ ಪಾಯಸ ತಿಂದರೆ ಹೊಟ್ಟೆ ತುಂಬಿತೆಂಬ ಸೂಚನೆಯಾದರೂ ಮಿದುಳಿಗೆ ಹೋಗುತ್ತದೆ, ಊಟದಲ್ಲಿ ಒಂದು ತುತ್ತು ಕಡಿಮೆಯಾಗುತ್ತದೆ. ನೀರಿನಲ್ಲಿ ಕರಗಿದ ಸಕ್ಕರೆ ಅಗಿಯುವ ಕೆಲಸವಿಲ್ಲದೆ, ಹಸಿವನ್ನೂ ತಣಿಸದೆ, ನೇರವಾಗಿ ರಕ್ತಕ್ಕೆ ಇಳಿಯುತ್ತದೆ. ಊಟವೂ ಅಷ್ಟೇ, ಅದರ ಮೇಲೆ ಇದೂ ಅಷ್ಟೇ.

ಕಾರ್ಖಾನೆಯ ತಿಂಡಿಗಳ ವಿಷಯದಲ್ಲೂ ಇಂಥದೇ ಒಂದು ಪ್ರಯೋಗ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ನಡೆದು 2019ರಲ್ಲಿ ಪ್ರಕಟವಾಯಿತು. ಇಪ್ಪತ್ತು ಮಂದಿಯನ್ನು ಸಂಸ್ಥೆಯಲ್ಲೇ ಉಳಿಸಿಕೊಂಡು ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರ, ಎರಡು ವಾರ ಸಾಮಾನ್ಯ ಅಡುಗೆಯ ಆಹಾರ ಕೊಟ್ಟರು. ಬಡಿಸಿದ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಸಮನಾಗಿರುವಂತೆ ನೋಡಿಕೊಂಡಿದ್ದರು. ಬೇಕಾದಷ್ಟು ತಿನ್ನಿ ಎಂದು ಬಿಟ್ಟಾಗ, ಕಾರ್ಖಾನೆಯ ಆಹಾರದ ದಿನಗಳಲ್ಲಿ ಅವರು ತಮಗರಿವಿಲ್ಲದೆಯೇ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದಿದ್ದರು. ಎರಡು ವಾರದಲ್ಲಿ ತೂಕ ಸುಮಾರು ಒಂದು ಕಿಲೋ ಏರಿತು. ಆದ್ದರಿಂದ 'ನಾಲಿಗೆ ಹಿಡಿತದಲ್ಲಿಟ್ಟುಕೊಳ್ಳಿ' ಎಂದು ಉಪದೇಶಿಸಿ ಕೈತೊಳೆದುಕೊಳ್ಳುವುದು ರೋಗಿಗೆ ಮಾಡುವ ಅನ್ಯಾಯ ಎಂದೇ ನನ್ನ ಭಾವನೆ. ಆ ತಿಂಡಿ ತಯಾರಾಗುವುದೇ ನಿಲ್ಲಿಸಲಾಗದಂತೆ.

ಈಗ ಮೆಕ್ಸಿಕೊ ದೇಶಕ್ಕೆ ಹೋಗೋಣ. ಈ ವಿಷಯದಲ್ಲಿ ಅತಿ ಹೆಚ್ಚು ಅಧ್ಯಯನ ನಡೆದಿರುವುದು ಅಲ್ಲಿ. ಜಗತ್ತಿನಲ್ಲೇ ಅತಿ ಹೆಚ್ಚು ತಂಪು ಪಾನೀಯ ಕುಡಿಯುವ ದೇಶಗಳಲ್ಲಿ ಅದೂ ಒಂದು. ಅಲ್ಲಿನ ಸಾವಿನ ಮುಖ್ಯ ಕಾರಣಗಳಲ್ಲಿ ಮಧುಮೇಹವೂ ಒಂದು. 2014ರ ಜನವರಿಯಿಂದ ಅಲ್ಲಿನ ಸರ್ಕಾರ ಸಕ್ಕರೆ ಬೆರೆಸಿದ ಪಾನೀಯಗಳ ಮೇಲೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ಬೆಲೆಯ ಲೆಕ್ಕದಲ್ಲಿ ಇದು ಸುಮಾರು ಶೇ 10. ಜತೆಗೆ ಚಿಪ್ಸು, ಮಿಠಾಯಿ, ಕೇಕು ಮುಂತಾದ, 100 ಗ್ರಾಂಗೆ 275 ಕ್ಯಾಲೊರಿ ಅಥವಾ ಅದಕ್ಕೂ ಹೆಚ್ಚು ಇರುವ ಅನಗತ್ಯ ತಿನಿಸುಗಳ ಮೇಲೆ ಶೇ 8 ಹಾಕಿತು. ಕಂಪೆನಿಗಳು ಗದ್ದಲವೆಬ್ಬಿಸಿದವು. ಜನರ ಅಭ್ಯಾಸ ಬದಲಾಗದು, ಬಡವರ ಜೇಬಿಗೆ ಕತ್ತರಿ ಬೀಳುತ್ತದೆ ಅಷ್ಟೆ ಎಂಬುದು ಅವರ ವಾದ.

ಮೊದಲ ವರ್ಷದ ಖರೀದಿಯ ಲೆಕ್ಕ ಹಾಕಿದಾಗ, ತೆರಿಗೆ ಇಲ್ಲದಿದ್ದರೆ ಎಷ್ಟು ಮಾರಾಟವಾಗುತ್ತಿತ್ತೋ ಅದಕ್ಕಿಂತ ಸಿಹಿ ಪಾನೀಯಗಳ ಖರೀದಿ ಸರಾಸರಿ ಶೇ 6 ಕಡಿಮೆಯಾಗಿತ್ತು. ವರ್ಷದ ಕೊನೆಯ ತಿಂಗಳಲ್ಲಿ ಇಳಿಕೆ ಶೇ 12. ಬಡ ಕುಟುಂಬಗಳಲ್ಲಂತೂ ಆ ಡಿಸೆಂಬರ್ ಹೊತ್ತಿಗೆ ಶೇ 17. ಎರಡನೆಯ ವರ್ಷವೂ ಇಳಿಕೆ ನಿಲ್ಲದೆ ಶೇ 9.7ಕ್ಕೆ ಬಂತು. ಹೊಸದರಲ್ಲಿ ಸ್ವಲ್ಪ ದಿನ ಮುನಿಸಿಕೊಂಡು ಆಮೇಲೆ ಜನ ಹಳೆಯ ಚಾಳಿಗೆ ಮರಳುತ್ತಾರೆ ಎಂಬ ಊಹೆ ಸುಳ್ಳಾಯಿತು. ತೆರಿಗೆಯಿಲ್ಲದ ಪಾನೀಯಗಳ, ಅದರಲ್ಲೂ ಬಾಟಲಿ ನೀರಿನ, ಖರೀದಿ ಶೇ 4ರಷ್ಟು ಏರಿತು. ಕುರುಕಲು ತಿಂಡಿಯ ಖರೀದಿ ಸುಮಾರು ಶೇ 5 ಇಳಿಯಿತು. ಇಲ್ಲಿಯೂ ಬಡವರಲ್ಲಿ ಶೇ 10. ಶ್ರೀಮಂತರಲ್ಲಿ ಏನೂ ವ್ಯತ್ಯಾಸವಿಲ್ಲ.

ಈ ಕೊನೆಯ ಅಂಶದ ಬಗ್ಗೆ ಸ್ವಲ್ಪ ನಿಲ್ಲಬೇಕು. ತೆರಿಗೆ ಬಡವರನ್ನು ಹೆಚ್ಚು ತಟ್ಟುತ್ತದೆ ಎಂಬುದು ನಿಜ. ಆದರೆ ಮಧುಮೇಹ ತಟ್ಟುವುದೂ ಹಾಗೆಯೇ. ದಿನಗೂಲಿಯವನಿಗೆ ಕಾಲಿನ ಹುಣ್ಣು ಮಾಗದೆ ಆರು ವಾರ ಮನೆಯಲ್ಲಿ ಕುಳಿತರೆ ಆಗುವ ನಷ್ಟದ ಮುಂದೆ ಪಾನೀಯದ ಮೇಲಿನ ಎರಡು ರೂಪಾಯಿ ಏನೂ ಅಲ್ಲ. ಹಾಗೆಂದು ತೆರಿಗೆಯ ಹಣವನ್ನೆಲ್ಲ ಬೊಕ್ಕಸಕ್ಕೆ ಸುರಿದುಕೊಂಡು ಬಡವರಿಗೆ 'ನೀವು ಆರೋಗ್ಯವಂತರಾಗಿ' ಎಂದರೆ ಅದು ಪೊಳ್ಳು ಮಾತು. ಮೆಕ್ಸಿಕೊದಲ್ಲಿ ಆ ಹಣದಿಂದ ಶಾಲೆಗಳಿಗೆ ಕುಡಿಯುವ ನೀರು ಒದಗಿಸುವ ಮಾತಿತ್ತು. ಅದು ಸರಿಯಾದ ದಾರಿ. ಶುದ್ಧ ನೀರು ಸಿಗದ ಊರಿನಲ್ಲಿ ಬಾಟಲಿ ಪಾನೀಯ ಬಿಡಿ ಎನ್ನುವುದು ಹೇಗೆ?

ಇಷ್ಟರಿಂದ ಮೆಕ್ಸಿಕೊದವರ ಬೊಜ್ಜು ಕರಗಿತೆ? ಇಲ್ಲ. ಖರೀದಿ ಕಡಿಮೆಯಾದುದನ್ನು ಒಪ್ಪಿದ ಕೆಲವು ಅರ್ಥಶಾಸ್ತ್ರಜ್ಞರೇ, ಜನ ತೆರಿಗೆಯಿಲ್ಲದ ಬೇರೆ ತಿನಿಸುಗಳತ್ತ ಹೊರಳಿದ್ದರಿಂದ ಒಟ್ಟು ಕ್ಯಾಲೊರಿಯಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಿಲ್ಲ ಎಂದು ತೋರಿಸಿದ್ದಾರೆ. ಶೇ 10ರ ಸಣ್ಣ ಪೆಟ್ಟಿನಿಂದ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದೂ ತಪ್ಪು. ಮೆಕ್ಸಿಕೊ ಅಲ್ಲಿಗೇ ನಿಲ್ಲಲಿಲ್ಲ. 2020ರಲ್ಲಿ ಪೊಟ್ಟಣಗಳ ಮುಂಭಾಗದಲ್ಲೇ 'ಸಕ್ಕರೆ ಅತಿಯಾಗಿದೆ', 'ಕ್ಯಾಲೊರಿ ಅತಿಯಾಗಿದೆ' ಎಂಬ ಕಪ್ಪು ಎಂಟು ಮೂಲೆಯ ಮುದ್ರೆ ಹಾಕಿಸಿತು. 2025ರಲ್ಲಿ ಶಾಲೆಗಳಲ್ಲಿ ಕುರುಕಲು ಮಾರಾಟ ನಿಲ್ಲಿಸಿತು. 2026ರಿಂದ ಪಾನೀಯದ ತೆರಿಗೆಯನ್ನು ಲೀಟರಿಗೆ 3 ಪೆಸೊ ದಾಟಿಸಿತು. ಒಂದೇ ಮಾತ್ರೆಯಿಂದ ರಕ್ತದೊತ್ತಡ ಇಳಿಯದಿದ್ದರೆ ಎರಡನೆಯದನ್ನು ಸೇರಿಸುತ್ತೇವಲ್ಲ, ಹಾಗೆ.

ಬೇರೆ ತಿನಿಸಿನತ್ತ ಹೊರಳುವುದು ಎಂದೆನಲ್ಲ, ಅದಕ್ಕೆ ಮೆಕ್ಸಿಕೊವರೆಗೆ ಹೋಗಬೇಕಿಲ್ಲ. ನನ್ನಲ್ಲಿಗೆ ಬರುವ ಲಾರಿ ಚಾಲಕರೊಬ್ಬರು ಇದ್ದಾರೆ. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಯಾವಾಗಲೂ ಇನ್ನೂರರ ಆಸುಪಾಸು. ಕೋಲಾ ಬಿಡಿ ಎಂದು ಹೇಳಿ ಕಳಿಸಿದ್ದೆ. ಮೂರು ತಿಂಗಳಾದ ಮೇಲೆ ಬಂದು, "ಗ್ಯಾಸ್ ಇರೋದು ಮುಟ್ಟೋದೇ ಇಲ್ಲ ಡಾಕ್ಟ್ರೇ, ಈಗ ಬರೀ ಮಾವಿನಹಣ್ಣಿನ ಜ್ಯೂಸು," ಎಂದರು. ಜ್ಯೂಸೆಂದರೆ ಯಾವುದು? ಜೇಬಿನಿಂದ ತೆಗೆದು ತೋರಿಸಿದ್ದು ಕಾಗದದ ಡಬ್ಬಿಯಲ್ಲಿ ಸ್ಟ್ರಾ ಹಾಕಿ ಹೀರುವ ಪಾನೀಯ. ಹೊರಗೆ ಮಾವಿನಹಣ್ಣಿನ ಚಿತ್ರ, ಒಳಗೆ ಸ್ವಲ್ಪ ತಿರುಳು, ಉಳಿದದ್ದು ನೀರು ಮತ್ತು ಸಕ್ಕರೆ. ಸಕ್ಕರೆಯ ಲೆಕ್ಕದಲ್ಲಿ ಅದಕ್ಕೂ ಕೋಲಾಕ್ಕೂ ಹೆಚ್ಚಿನ ಅಂತರವೇ ಇಲ್ಲ. ಪಾಪ, ಅವರು ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದರು.

ನಮ್ಮ ತೆರಿಗೆ ಪಟ್ಟಿಯೂ ಆ ಚಾಲಕರ ಹಾಗೆಯೇ ಯೋಚಿಸುತ್ತದೆ! ಗ್ಯಾಸು ತುಂಬಿದ ಪಾನೀಯಕ್ಕೆ ಶೇ 40. ಗ್ಯಾಸಿಲ್ಲದ ಹಣ್ಣಿನ ತಿರುಳಿನ ಪಾನೀಯಕ್ಕೆ 2025ರ ಸೆಪ್ಟೆಂಬರ್‌ವರೆಗೆ ಶೇ 12 ಇತ್ತು, ಅಲ್ಲಿಂದ ಶೇ 5. ಅಂದರೆ ತೆರಿಗೆ ಬಿದ್ದಿರುವುದು ಗುಳ್ಳೆಗಳ ಮೇಲೆ, ಸಕ್ಕರೆಯ ಮೇಲಲ್ಲ. ನಿಮ್ಮ ಮೇದೋಜೀರಕ ಗ್ರಂಥಿಗೆ ಗುಳ್ಳೆಯ ಲೆಕ್ಕ ಗೊತ್ತಿಲ್ಲ. ಅದು ಎಣಿಸುವುದು ಸಕ್ಕರೆಯನ್ನು.

ಇನ್ನೂ ಒಂದು ವಿಚಿತ್ರವಿದೆ. ಸಕ್ಕರೆ ತುಂಬಿದ ಕೋಲಾಕ್ಕೂ ಶೇ 40, ಸಕ್ಕರೆ ಇಲ್ಲದ ಡಯಟ್ ಕೋಲಾಕ್ಕೂ ಶೇ 40. ಹೀಗಿದ್ದಾಗ ತಯಾರಕರು ಸಕ್ಕರೆ ಇಳಿಸುವ ಗೋಜಿಗೆ ಏಕೆ ಹೋಗುತ್ತಾರೆ? ಇಲ್ಲಿ ಬ್ರಿಟನ್ನಿನವರು ಮಾಡಿದ ಜಾಣತನವನ್ನು ಹೇಳಲೇಬೇಕು. ಅಲ್ಲಿ ತೆರಿಗೆ ಜಾರಿಗೆ ಬಂದದ್ದು 2018ರ ಏಪ್ರಿಲ್‌ನಲ್ಲಿ. ಆದರೆ ಘೋಷಣೆಯಾದದ್ದು ಎರಡು ವರ್ಷ ಮೊದಲೇ, 2016ರ ಮಾರ್ಚ್‌ನಲ್ಲಿ. 100 ಮಿ.ಲೀ.ಗೆ 5 ಗ್ರಾಂಗಿಂತ ಕಡಿಮೆ ಸಕ್ಕರೆ ಇದ್ದರೆ ತೆರಿಗೆಯೇ ಇಲ್ಲ. 5ರಿಂದ 8 ಗ್ರಾಂನೊಳಗಿದ್ದರೆ ಜಾರಿಯಾದಾಗ ಲೀಟರಿಗೆ 18 ಪೆನ್ಸ್ ಇತ್ತು. 8 ಗ್ರಾಂ ಅಥವಾ ಹೆಚ್ಚಿದ್ದರೆ ಆಗ 24 ಪೆನ್ಸ್ ಇತ್ತು. ತಯಾರಕರಿಗೆ ಎರಡು ವರ್ಷ ಕಾಲಾವಕಾಶ. ಅವರು ಏನು ಮಾಡಿದರು? ತೆರಿಗೆ ಕಟ್ಟುವ ಬದಲು ಪಾಕವನ್ನೇ ಬದಲಿಸಿದರು. ಸ್ಕಾಟ್ಲೆಂಡಿನಲ್ಲಿ ಮನೆಮಾತಾದ ಐರ್ನ್ ಬ್ರೂ ಎಂಬ ಪಾನೀಯದಲ್ಲಿ 100 ಮಿ.ಲೀ.ಗೆ 10 ಗ್ರಾಂಗೂ ಹೆಚ್ಚಿದ್ದ ಸಕ್ಕರೆ 5 ಗ್ರಾಂನ ಗೆರೆಯಿಂದ ಕೆಳಗಿಳಿಯಿತು. (ಹಳೆಯ ರುಚಿಯ ಅಭಿಮಾನಿಗಳು ಬಾಟಲಿಗಳನ್ನು ಕೊಂಡು ಕೂಡಿಟ್ಟುಕೊಂಡರಂತೆ.) 2015ರಿಂದ 2020ರ ನಡುವೆ ಈ ತೆರಿಗೆಗೆ ಒಳಪಟ್ಟ ಪಾನೀಯಗಳ ಸರಾಸರಿ ಸಕ್ಕರೆ ಶೇ 46ರಷ್ಟು ಇಳಿಯಿತು.

ಗಮನಿಸಿ, ಇಲ್ಲಿ ಕುಡಿಯುವವರು ಅಭ್ಯಾಸ ಬಿಡಬೇಕಾಗಲಿಲ್ಲ. ಅದೇ ಅಂಗಡಿ, ಅದೇ ಬಾಟಲಿ. ಒಳಗಿನ ಸಕ್ಕರೆ ಮಾತ್ರ ಅರ್ಧ. ತೆರಿಗೆ ಜನರ ನಾಲಿಗೆಯನ್ನು ಬದಲಿಸುವುದಕ್ಕಿಂತ ತಯಾರಕರ ಕೈಯನ್ನು ಬದಲಿಸುವುದು ಸುಲಭ. ಎಷ್ಟೋ ವರ್ಷಗಳಿಂದ ರೋಗಿಗಳಿಗೆ ಪಥ್ಯ ಹೇಳಿ ಹೇಳಿ ಸೋತ ನನಗೆ ಇದರಲ್ಲಿ ಬಲವಾದ ನಂಬಿಕೆ. ಆ ತೆರಿಗೆಯ ನಂತರ ಹತ್ತು, ಹನ್ನೊಂದು ವರ್ಷದ ಹುಡುಗಿಯರಲ್ಲಿ ಬೊಜ್ಜು ಅಂದಾಜಿಗಿಂತ ಶೇ 8ರಷ್ಟು ಕಡಿಮೆ ಇದ್ದುದನ್ನು 2023ರ ಅಧ್ಯಯನವೊಂದು ಕಂಡಿತು. ಹುಡುಗರಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ.

ತೆರಿಗೆ ಸೋತ ಕಥೆಯೂ ಇದೆ. ಡೆನ್ಮಾರ್ಕ್ 2011ರ ಅಕ್ಟೋಬರ್‌ನಲ್ಲಿ ಪರ್ಯಾಪ್ತ ಕೊಬ್ಬಿನ ಮೇಲೆ ಕಿಲೋಗೆ 16 ಕ್ರೋನರ್ ತೆರಿಗೆ ಹಾಕಿತು. ಬೆಣ್ಣೆ, ಚೀಸು, ಮಾಂಸ ಎಲ್ಲವೂ ಅದರ ಬಲೆಗೆ ಬಿದ್ದವು. ಜನ ಗಡಿ ದಾಟಿ ಜರ್ಮನಿಯಲ್ಲಿ ಬೆಣ್ಣೆ ಕೊಳ್ಳತೊಡಗಿದರು. ವ್ಯಾಪಾರಿಗಳು ಲೆಕ್ಕ ಬರೆದು ಬರೆದು ಬೇಸತ್ತರು. 2013ರ ಜನವರಿಗೆ ತೆರಿಗೆ ರದ್ದಾಯಿತು. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲೂ ಗಡಿಯ ತೊಂದರೆ ಕಂಡುಬಂತು. 2017ರಲ್ಲಿ ಸಿಹಿ ಪಾನೀಯಕ್ಕೆ ತೆರಿಗೆ ಹಾಕಿದ ಮೇಲೆ ನಗರದ ದೊಡ್ಡ ಅಂಗಡಿಗಳಲ್ಲಿ ಮಾರಾಟ ಶೇ 51 ಇಳಿಯಿತು. ಪಕ್ಕದ ಊರುಗಳಲ್ಲಿ ಏರಿದ ಮಾರಾಟವನ್ನು ಕಳೆದರೆ ನಿಜವಾದ ಇಳಿಕೆ ಶೇ 38. ಅದೂ ಕಡಿಮೆಯೇನಲ್ಲ. ಒಂದು ನಗರ ಅಥವಾ ಒಂದು ಸಣ್ಣ ದೇಶ ಒಂಟಿಯಾಗಿ ಹೊರಟರೆ ಸೋರಿಕೆ ಇದ್ದೇ ಇರುತ್ತದೆ.

ಇದೇ ಡೆನ್ಮಾರ್ಕ್ ಎಂಟು ವರ್ಷ ಮೊದಲು, 2003ರಲ್ಲಿ, ಇನ್ನೊಂದು ಕೆಲಸ ಮಾಡಿತ್ತು. ವನಸ್ಪತಿಯಂಥ ಗಟ್ಟಿಗೊಳಿಸಿದ ಎಣ್ಣೆಗಳಲ್ಲಿರುವ, ಹೃದಯಕ್ಕೆ ಅತಿ ಕೆಟ್ಟದ್ದಾದ ಟ್ರಾನ್ಸ್ ಕೊಬ್ಬು ಎಣ್ಣೆ ಕೊಬ್ಬುಗಳಲ್ಲಿ ಶೇ 2ಕ್ಕಿಂತ ಹೆಚ್ಚಿರಕೂಡದೆಂದು ಕಾನೂನು ಮಾಡಿತು. ತೆರಿಗೆಯಿಲ್ಲ, ಬೆಲೆ ಏರಿಕೆಯಿಲ್ಲ, ಗಲಾಟೆಯಿಲ್ಲ. ಆ ಕೊಬ್ಬು ಅಂಗಡಿಗಳಿಂದ ಬಹುಮಟ್ಟಿಗೆ ಮಾಯವಾಯಿತು. ನಮ್ಮ ದೇಶದಲ್ಲೂ 2022ರ ಜನವರಿಯಿಂದ ಇದೇ ಶೇ 2ರ ಮಿತಿ ಇದೆ. ನೀವು ಬೇಕರಿಯಲ್ಲಿ ತಿನ್ನುವ ಪಫ್ ಈ ಕಾನೂನಿನಿಂದ ಸ್ವಲ್ಪವಾದರೂ ಸುಧಾರಿಸಿರುತ್ತದೆ, ನಿಮಗೆ ಅದರ ಸುದ್ದಿಯೇ ಇಲ್ಲದೆ. ತೀರ ಕೆಟ್ಟ ಪದಾರ್ಥಕ್ಕೆ ತೆರಿಗೆಗಿಂತ ನೇರ ಮಿತಿಯೇ ವಾಸಿ.

ನಮ್ಮ ನೆರೆಯ ಕೇರಳದ ಪ್ರಯೋಗ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 2016ರ ಜುಲೈನ ಬಜೆಟ್ಟಿನಲ್ಲಿ ಅಲ್ಲಿನ ಹಣಕಾಸು ಸಚಿವರಾಗಿದ್ದ ಥಾಮಸ್ ಐಸಾಕ್ ಅವರು ಬ್ರ್ಯಾಂಡ್ ಹೆಸರಿನ ಹೋಟೆಲುಗಳಲ್ಲಿ ಮಾರುವ ಪಿಜ್ಜಾ, ಬರ್ಗರ್, ಪಾಸ್ತಾ, ಡೋನಟ್ ಮುಂತಾದವುಗಳ ಮೇಲೆ ಶೇ 14.5 'ಕೊಬ್ಬಿನ ತೆರಿಗೆ' ಹಾಕಿದರು. ದೇಶದಲ್ಲೇ ಮೊದಲೆಂದು ಹೆಸರಾಯಿತು. ಆದರೆ ಕೇರಳದಲ್ಲಿ ಪ್ರತಿದಿನ ಪಿಜ್ಜಾ ತಿನ್ನುವವರು ಎಷ್ಟು ಮಂದಿ? ಮೈದಾ ಪರೋಟ, ಎಣ್ಣೆಯಲ್ಲಿ ಕರಿದ ಬಾಳೆಹಣ್ಣು, ಬಾಳೆಕಾಯಿ ಚಿಪ್ಸು ಆ ಬಲೆಯ ಹೊರಗೇ ಉಳಿದವು. ಪಿಜ್ಜಾ ತುಟ್ಟಿಯಾಯಿತೆಂದು ಯಾರಾದರೂ ಪರೋಟ ಅಂಗಡಿಗೆ ಹೋಗಿದ್ದರೆ ಅವರ ಸೊಂಟದ ಸುತ್ತಳತೆಗೆ ಯಾವ ಲಾಭವೂ ಆಗಿರಲಾರದು. ವರ್ಷ ತುಂಬುವಷ್ಟರಲ್ಲಿ, 2017ರ ಜುಲೈ 1ರಂದು, ಜಿಎಸ್‌ಟಿ ಬಂದು ಆ ತೆರಿಗೆ ಅದರಲ್ಲಿ ಕರಗಿಹೋಯಿತು. 2016ರ ಆರಂಭದಲ್ಲಿ ಬಿಹಾರ ಸಮೋಸ, ಕಚೋರಿಗಳ ಮೇಲೆ ಶೇ 13.5 ಹಾಕಿದ್ದೂ ಉಂಟು. ಅದಂತೂ ಆದಾಯಕ್ಕಾಗಿಯೇ, ಆರೋಗ್ಯದ ಹೆಸರನ್ನು ಅದಕ್ಕೆ ಅಂಟಿಸುವುದು ಬೇಡ.

ಇನ್ನು ನಮ್ಮ ಬೀದಿಯ ಕೊನೆಯ ಪೆಟ್ಟಿಗೆ ಅಂಗಡಿಗೆ ಬರೋಣ. ಅಲ್ಲಿ ಬಾಗಿಲಿಗೆ ತೋರಣದ ಹಾಗೆ ತೂಗುವ ಪೊಟ್ಟಣಗಳ ಬೆಲೆ 5 ರೂಪಾಯಿ, 10 ರೂಪಾಯಿ. ಈ ಬೆಲೆ ಬಲು ಗಟ್ಟಿ. ಎಣ್ಣೆ ದುಬಾರಿಯಾಗಲಿ, ತೆರಿಗೆ ಏರಲಿ, 5 ರೂಪಾಯಿ 6 ಆಗುವುದಿಲ್ಲ. ಒಳಗಿನ ತಿಂಡಿ ಎರಡು ಗ್ರಾಂ ಕಡಿಮೆಯಾಗುತ್ತದೆ. ತೆರಿಗೆ ಇಳಿದರೆ ಎರಡು ಗ್ರಾಂ ಹೆಚ್ಚುತ್ತದೆ. ಕೈಯಲ್ಲಿ 5 ರೂಪಾಯಿ ಹಿಡಿದ ಮಗುವಿಗೆ ಬೆಲೆ ಏರಿದ್ದು, ಇಳಿದದ್ದು ತಿಳಿಯುವುದೇ ಇಲ್ಲ. ಮೆಕ್ಸಿಕೊದಲ್ಲಿ ತೆರಿಗೆ ಕೆಲಸ ಮಾಡಿದ್ದು ಅಂಗಡಿಯಲ್ಲಿ ಬೆಲೆ ಏರಿದ್ದು ಜನರ ಕಣ್ಣಿಗೆ ಬಿದ್ದುದರಿಂದ. ನಮ್ಮಲ್ಲಿ ಗ್ಯಾಸು ಪಾನೀಯಗಳಿಗೆ ಶೇ 28 ಜಿಎಸ್‌ಟಿ ಮತ್ತು ಶೇ 12 ಸೆಸ್ ಸೇರಿ 2017ರಿಂದಲೂ ಶೇ 40 ಇತ್ತು. 2025ರಲ್ಲಿ ಬದಲಾದದ್ದು ಹೆಸರು ಮಾತ್ರ. ಇಷ್ಟು ಭಾರಿ ತೆರಿಗೆಯ ನಡುವೆಯೂ 200 ಮಿ.ಲೀ. ಬಾಟಲಿ 10 ರೂಪಾಯಿಗೆ ಹಳ್ಳಿ ಹಳ್ಳಿಯಲ್ಲಿ ಸಿಗುವಂತಾಯಿತು. ಪೈಪೋಟಿ ಬೆಲೆಯನ್ನು ಕೆಳಕ್ಕೆ ತಂದರೆ ತೆರಿಗೆಯ ಪೆಟ್ಟು ಜನರನ್ನು ಮುಟ್ಟುವುದೇ ಇಲ್ಲ.

ಬೀದಿ ಬದಿಯ ಗಾಡಿಯ ಬೋಂಡ, ಗೋಬಿ ಮಂಚೂರಿಗಳದ್ದು ಬೇರೆಯೇ ಲೋಕ. ಸಣ್ಣ ವ್ಯಾಪಾರಿಗಳು ಜಿಎಸ್‌ಟಿ ವ್ಯಾಪ್ತಿಗೆ ಬರುವುದಿಲ್ಲ. ಬರಬೇಕೆಂದು ನಾನು ಹೇಳುವುದೂ ಇಲ್ಲ. ಅಲ್ಲಿ ಬೇಕಾದದ್ದು ಎಣ್ಣೆ, ಬಣ್ಣಗಳ ಮೇಲೆ ನಿಗಾ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗಳಲ್ಲಿ ಕೃತಕ ಬಣ್ಣ ನಿಷೇಧಿಸಿದ್ದು ಅಂಥ ಕ್ರಮ.

ಹಾಗಾದರೆ ಆ ತಾಯಿಗೆ ನಾನು ಕೊಟ್ಟ ಉತ್ತರವೇನು? ತೆರಿಗೆಯಿಂದ ಖರೀದಿ ಕಡಿಮೆಯಾಗುತ್ತದೆ. ಆದರೆ ಅದು ಕಣ್ಣಿಗೆ ಕಾಣುವಷ್ಟು ದೊಡ್ಡದಿರಬೇಕು, ಸಕ್ಕರೆ, ಉಪ್ಪು, ಕೊಬ್ಬಿನ ಪ್ರಮಾಣಕ್ಕೆ ತಕ್ಕಂತೆ ಇರಬೇಕು, ಅಕ್ಕಪಕ್ಕದ ಅಷ್ಟೇ ಕೆಟ್ಟ ತಿನಿಸಿಗೆ ವಿನಾಯಿತಿ ಇರಬಾರದು. ನಮ್ಮ ಪಟ್ಟಿಯಲ್ಲಿ ಈ ಮೂರೂ ಸರಿಯಾಗಿ ಕೂಡಿಲ್ಲ. ಶೇ 5ರ ಸಾಲಿನಲ್ಲಿದೆ ಎಂಬ ಕಾರಣಕ್ಕೆ ಕ್ರೀಮ್ ಬಿಸ್ಕತ್ತು ಮಗುವಿನ ಆಹಾರವಾಗುವುದಿಲ್ಲ.

"ಅದೆಲ್ಲ ಸರಿ ಡಾಕ್ಟ್ರೇ, ಸರ್ಕಾರ ಸರಿಪಡಿಸೋವರೆಗೆ ನಾವು ಏನು ಮಾಡೋದು?" ಎಂದು ಅವರು ಬಿಡದೆ ಕೇಳಿದರು. ನ್ಯಾಯವಾದ ಪ್ರಶ್ನೆ. ತೆರಿಗೆ ಮಾಡುವ ಕೆಲಸವೆಂದರೆ ತಿಂಡಿಗೂ ಕೈಗೂ ನಡುವೆ ಸ್ವಲ್ಪ ಅಡ್ಡಿ ಒಡ್ಡುವುದು. ಆ ಅಡ್ಡಿಯನ್ನು ಮನೆಯಲ್ಲೂ ಒಡ್ಡಬಹುದು. ತಿಂಗಳ ದಿನಸಿಯ ಜತೆ ದೊಡ್ಡ ಕುಟುಂಬ ಪ್ಯಾಕು ತಂದು ಡಬ್ಬಿ ತುಂಬಿಡಬೇಡಿ. ಮನೆಯಲ್ಲಿದ್ದರೆ ತಿನ್ನುತ್ತಾರೆ, ನೀವೂ ತಿನ್ನುತ್ತೀರಿ. ಬೇಕೆನಿಸಿದಾಗ ಅಂಗಡಿಗೆ ನಡೆದು ಹೋಗಿ ಸಣ್ಣ ಪೊಟ್ಟಣ ತಂದರೆ ವಾರಕ್ಕೆ ಏಳು ಬಾರಿ ಇದ್ದದ್ದು ಎರಡು ಬಾರಿಗೆ ಇಳಿಯುತ್ತದೆ. ತಂಪು ಪಾನೀಯದ ಎರಡು ಲೀಟರ್ ಬಾಟಲಿ ಫ್ರಿಜ್ಜಿನಲ್ಲಿ ಖಾಯಂ ನೆಲೆಸುವುದು ಬೇಡ. ಆ ಜಾಗದಲ್ಲಿ ಉಪ್ಪು ಕಡಿಮೆ ಹಾಕಿದ ಮಜ್ಜಿಗೆ ಇರಲಿ. ಸಂಜೆ ಶಾಲೆಯಿಂದ ಬರುವ ಮಗುವಿಗೆ ಹಸಿವಿರುವುದು ಸಹಜ. ಆ ಹೊತ್ತಿಗೆ ಬೇಯಿಸಿದ ಕಡಲೆಕಾಯಿ, ಉಸಲಿ, ಬಾಳೆಹಣ್ಣು, ಮಂಡಕ್ಕಿಗೆ ಈರುಳ್ಳಿ, ಟೊಮೆಟೊ ಬೆರೆಸಿದ ಚುರುಮುರಿ, ಏನಾದರೊಂದು ಸಿದ್ಧವಿದ್ದರೆ ಪೊಟ್ಟಣದ ನೆನಪು ಅಷ್ಟಾಗಿ ಬರುವುದಿಲ್ಲ. ಮನೆಯಲ್ಲೇ ಮಾಡಿದ ಚಕ್ಕುಲಿ, ಕೋಡುಬಳೆ ಆರೋಗ್ಯಕರ ಎಂದು ವಾದಿಸುವ ಅಜ್ಜಿಯರಿದ್ದಾರೆ. ಅವರ ಮೇಲಿನ ಗೌರವದೊಂದಿಗೇ ಹೇಳುತ್ತೇನೆ: ಎಣ್ಣೆ ಶುದ್ಧವಿರಬಹುದು, ಆದರೂ ಅದು ಎಣ್ಣೆಯೇ. ಗೋಕುಲಾಷ್ಟಮಿಗೆ ಮಾಡಿ, ಸಂತೋಷವಾಗಿ ತಿನ್ನಿ. ವರ್ಷವಿಡೀ ಡಬ್ಬಿಯಲ್ಲಿ ಬೇಡ.

ಶಾಲೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಿ ಮತ್ತು ಅದರ ಸುತ್ತ 50 ಮೀಟರಿನೊಳಗೆ ಮಾರಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಮುಂದಿನ ಪೋಷಕರ ಸಭೆಗೆ ಹೋದಾಗ ಅಂಕಪಟ್ಟಿ ನೋಡಿದ ಮೇಲೆ ಒಂದು ನಿಮಿಷ ಕ್ಯಾಂಟೀನನ್ನೂ ನೋಡಿ ಬನ್ನಿ. ನಿಯಮ ಪಾಲನೆಯಾಗದಿದ್ದರೆ ಮುಖ್ಯೋಪಾಧ್ಯಾಯರ ಗಮನಕ್ಕೆ ತನ್ನಿ. ಒಬ್ಬರು ಕೇಳಿದರೆ ದೂರು ಎನಿಸಬಹುದು. ಹತ್ತು ಮಂದಿ ಕೇಳಿದರೆ ಸಾಮಾನ್ಯವಾಗಿ ಕೆಲಸವಾಗುತ್ತದೆ.

ಪೊಟ್ಟಣದ ಹಿಂಬದಿಯ ಸಣ್ಣಕ್ಷರ ಓದುವ ಅಭ್ಯಾಸವನ್ನೂ ಬೆಳೆಸಿಕೊಳ್ಳಿ. ಕನ್ನಡಕ ಹಾಕಿಕೊಂಡಾದರೂ ಸರಿ. ಪೋಷಕಾಂಶಗಳ ಪಟ್ಟಿಯಲ್ಲಿ '100 ಗ್ರಾಂಗೆ' ಎಂಬ ಸಾಲನ್ನೇ ನೋಡಬೇಕು. 'ಒಂದು ಬಾರಿಗೆ' ಎಂದು ಕೊಟ್ಟಿರುವ ಲೆಕ್ಕ ಎರಡೇ ಬಿಸ್ಕತ್ತಿನದ್ದಾಗಿರಬಹುದು. ಎರಡಕ್ಕೆ ನಿಲ್ಲಿಸುವವರು ಯಾರು? ಪಾನೀಯವಾದರೆ 100 ಮಿ.ಲೀ.ಗೆ 5 ಗ್ರಾಂಗಿಂತ ಹೆಚ್ಚು ಸಕ್ಕರೆ ಇದೆಯೇ ನೋಡಿ. ಬ್ರಿಟನ್ನಿನವರ ಗೆರೆ ನಮಗೂ ಆಗುತ್ತದೆ. ಉಪ್ಪನ್ನು ಉಪ್ಪೆಂದೇ ಬರೆದಿರುವುದು ಅಪರೂಪ; ಸೋಡಿಯಂ ಎಂದು ಮಿಲಿಗ್ರಾಂನಲ್ಲಿ ಕೊಟ್ಟಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ದೊಡ್ಡವರಿಗೆ ಇಡೀ ದಿನಕ್ಕೆ, ಸಾರು, ಪಲ್ಯ, ಉಪ್ಪಿನಕಾಯಿ ಎಲ್ಲ ಸೇರಿ, 5 ಗ್ರಾಂ ದಾಟಬಾರದು. ರಕ್ತದೊತ್ತಡದ ಮಾತ್ರೆ ನುಂಗುವವರು ಮನೆಯಲ್ಲಿದ್ದರೆ, ಈ ವಾರ ಅಡುಗೆಮನೆಯಲ್ಲಿರುವ ಪೊಟ್ಟಣಗಳನ್ನು ಒಮ್ಮೆ ಹೊರತೆಗೆದು ಮಕ್ಕಳ ಕೈಯಲ್ಲೇ ಈ ಗುಣಾಕಾರ ಮಾಡಿಸಿ.